ಬಟ್ಟಲಲ್ಲಿ ಬರೆದ ಕೊಳ

ಈಜಿಪ್ಟಿನ ಹದಿನೆಂಟನೆಯ ರಾಜವಂಶದ ಕಾಲದ, ಎಂದರೆ ಸ್ಥೂಲವಾಗಿ ಕ್ರಿ.ಪೂ. 1550ರಿಂದ 1300ರವರೆಗಿನ ನೀಲಿ ಬಟ್ಟಲುಗಳನ್ನು ಕಾಣುವಾಗ ಅವು ಬರಿದಾಗಿವೆಯೆಂಬುದನ್ನು ಮರೆಯಲಾಗದು. ಏಕೆಂದರೆ ಒಳಮೈಯ ನಡುವೆ ಚೌಕಾಕೃತಿಯ ಕೊಳವನ್ನು ಬರೆದು, ಅದರ ಸುತ್ತಲೂ ನೈದಿಲೆಯ ಮೊಗ್ಗುಗಳನ್ನು ಹಬ್ಬಿಸಿ, ಎಡೆಯೆಡೆಯಲ್ಲಿ ಮೀನುಗಳನ್ನು ತೇಲಿಬಿಟ್ಟ ಚಿತ್ರಕಾರನು ತನ್ನ ಕೃತಿಯನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದರ್ಧವನ್ನು ಅದರಲ್ಲಿ ಪಾನೀಯವನ್ನೆರೆಯುವವರ ಕೈಗೆ ಒಪ್ಪಿಸಿದ್ದಾನೆ.

ಇವುಗಳಿಗೆ ರೂಢಿಯಾದ 'ಫಯೆನ್ಸ್' ಎಂಬ ಹೆಸರು ಇಟಲಿಯ ಫಾಯೆನ್ಜಾ ಪಟ್ಟಣದ ಮಣ್ಣಿನ ಪಾತ್ರೆಗಳಿಂದ ಬಂದುದು, ಹೆಸರೇ ತಪ್ಪು. ಇದು ಕುಂಬಾರನ ಜೇಡಿಮಣ್ಣಿನ ಪಾತ್ರೆಯಲ್ಲ. ಬೆಣಚುಕಲ್ಲಿನ ಪುಡಿಗೆ ತುಸು ಸುಣ್ಣವನ್ನೂ, ನ್ಯಾಟ್ರಾನ್ ಎಂಬ ಕ್ಷಾರವನ್ನೋ ಸಸ್ಯಭಸ್ಮವನ್ನೋ, ವರ್ಣಕ್ಕಾಗಿ ತಾಮ್ರದ ಅಂಶವನ್ನೂ ಬೆರೆಸಿ, ನೀರಿನಲ್ಲಿ ಕಲಸಿ, ರೂಪಿಸಿ ಒಣಗಲಿಟ್ಟರೆ, ತೇವವಾರಿದಂತೆಲ್ಲ ಕ್ಷಾರವು ತಾನಾಗಿ ಮೇಲ್ಮೈಗೆ ಹೊಮ್ಮಿ, ಆವಿಗೆಯ ಶಾಖದಲ್ಲಿ ಕರಗಿ ಗಾಜಿನ ಪೊರೆಯಾಗುತ್ತಿತ್ತು. ಮೆರುಗನ್ನು ಹೊರಗಿನಿಂದ ಹಚ್ಚುವ ವಿಧಾನಗಳೂ ಇದ್ದುವು. ಆದರೆ ಒಡಲಿನಿಂದಲೇ ಕಾಂತಿ ಹೊರಸೂಸುವ ಈ ವಿಧಾನದ ಮುಂದೆ ಅವು ನನಗೆ ಸಪ್ಪೆಯೆನಿಸುತ್ತವೆ. ಕಪ್ಪು ರೇಖೆಗಳು ಮ್ಯಾಂಗನೀಸಿನವು. ಈಜಿಪ್ಟಿನವರು ಈ ದ್ರವ್ಯವನ್ನು 'ಚೆಹೆನೆತ್' ಎಂದರು. ಥಳಥಳಿಸುವುದೆಂದು ಅದರ ಅರ್ಥ.

ಆಂಗ್ಲ ಗ್ರಂಥಗಳು ಬಟ್ಟಲಿನ ಹೂವನ್ನು 'ಲೋಟಸ್' ಎನ್ನುವುದರಿಂದ ಅದನ್ನು ತಾವರೆಯೆಂದು ಭ್ರಮಿಸುವುದು ಸುಲಭ. ಅದು ನೈದಿಲೆ, ತಾವರೆ ಆ ದೇಶಕ್ಕೆ ಬಂದುದು ಬಹುಕಾಲಾನಂತರ. ನಮ್ಮ ಕವಿಗಳ ನೈದಿಲೆ ಚಂದ್ರೋದಯವನ್ನು ಕಾದು ಅರಳಿದರೆ, ನೈಲ್ ನದಿಯ ನೀಲನೈದಿಲೆಯು ಬೆಳಗ್ಗೆ ಅರಳಿ ಹಗಲಿಳಿಯುವ ಮೊದಲೇ ಮುಚ್ಚಿಕೊಳ್ಳುವುದು. ಆದುದರಿಂದಲೇ ಅದು ಸೂರ್ಯನ ಪುನರ್ಜನ್ಮದ ಸಂಕೇತವಾಯಿತು. ಮೀನೂ ಹಾಗೆಯೇ: ನಮ್ಮ ಮೀನುಪೇಟೆಗಳಲ್ಲಿ ಜಿಲೇಬಿಯೆನಿಸಿಕೊಳ್ಳುವ ತಿಲಾಪಿಯಾ, ಮರಿಗಳನ್ನು ಬಾಯಲ್ಲಿಟ್ಟು ಕಾಪಾಡಿ ಹೊರಬಿಡುವುದನ್ನು ಕಂಡ ಜನರಿಗೆ ಅದು ಮರುಹುಟ್ಟಿನ ಪ್ರತ್ಯಕ್ಷ ನಿದರ್ಶನವಾಗಿ ತೋರಿತು.

ಇವು ನಿತ್ಯದ ಅಡುಗೆಮನೆಯ ಪಾತ್ರೆಗಳೆಂದು ಹೇಳಲು ನಾನು ಹಿಂಜರಿಯುವೆನು. ಸಾಮಾನ್ಯರ ಮನೆಗಳಲ್ಲಿ ಬಳಕೆಯಲ್ಲಿದ್ದುದು ಸಾದಾ ಮಣ್ಣಿನ ಮಡಕೆ ಕುಡಿಕೆಗಳೇ; ನೀಲಿ ಬಟ್ಟಲುಗಳು ಹೆಚ್ಚಾಗಿ ದೊರೆತಿರುವುದು ಸಮಾಧಿಗಳಲ್ಲಿ ಮತ್ತು ದೇರ್ ಎಲ್-ಬಹ್ರಿ, ಸಿನಾಯಿಯ ಸೆರಾಬಿತ್ ಎಲ್-ಖಾದಿಮ್ ಮೊದಲಾದೆಡೆಯ ಹಾಥೋರ್ ದೇವಿಯ ಸನ್ನಿಧಿಗಳಲ್ಲಿ. ಹಾಗೆಂದು ಅವುಗಳಲ್ಲಿ ಭಕ್ತಿಯೊಂದೇ ತುಂಬಿದೆಯೆಂದರೆ ಲೈಡನ್ ನಗರದ ಸಂಗ್ರಹಾಲಯದ ಬಟ್ಟಲೊಂದು ಒಪ್ಪದು. ಅದರಲ್ಲಿ ಹೂಚಪ್ಪರದಡಿ ಮೆತ್ತೆಯ ಮೇಲೆ ಕುಳಿತ ತರುಣಿಯೊಬ್ಬಳು ತಂತಿವಾದ್ಯವನ್ನು ನುಡಿಸುತ್ತಿರುವಳು. ಅವಳ ಹಿಂದೆ ಕೋತಿಯೊಂದು ನಡುಪಟ್ಟಿಯನ್ನು ಹಿಡಿದು ಜಗ್ಗುತ್ತಿದೆ.