ಉಗುರುಬೆಚ್ಚಗಿನ ನೀರಿನಲ್ಲಿ ಸಿಕ್ಕಿದ್ದು

1976ರ ಕ್ರಿಸ್‌ಮಸ್ ಹೊತ್ತಿಗೆ ಅಟ್ಲಾಂಟಾದ ಸಿಡಿಸಿ, ಅಂದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ತಲೆ ಎತ್ತಿ ಓಡಾಡುವಂತಿರಲಿಲ್ಲ. ಆ ಜುಲೈನಲ್ಲಿ ಫಿಲಡೆಲ್ಫಿಯಾದ ಬೆಲ್ಲೆವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆದಿತ್ತು. ಊರು ಸೇರಿದವರು ಒಬ್ಬೊಬ್ಬರಾಗಿ ಜ್ವರ, ನ್ಯುಮೋನಿಯಾ ಎಂದು ಹಾಸಿಗೆ ಹಿಡಿದರು. ಒಟ್ಟು 221 ಮಂದಿಗೆ ಕಾಯಿಲೆ, 34 ಸಾವು. ಹಂದಿಜ್ವರ ಎಂದರು, ಅಲ್ಲ. ನಿಕ್ಕಲ್ ವಿಷ ಎಂದರು, ಆ ಮಾತೂ ನಿಲ್ಲಲಿಲ್ಲ. ಗಿರಾಕಿಗಳು ಕೈಬಿಟ್ಟ ಹೋಟೆಲು ನವೆಂಬರಿನಲ್ಲಿ ಬಾಗಿಲು ಹಾಕಿತು.

ಜೋಸೆಫ್ ಮೆಕ್‌ಡೇಡ್ ಸಿಡಿಸಿಯಲ್ಲಿ ರಿಕೆಟ್ಸಿಯಾ ಜಾತಿಯ ಸೂಕ್ಷ್ಮಜೀವಿಗಳನ್ನು ನೋಡಿಕೊಳ್ಳುತ್ತಿದ್ದವರು. ಸತ್ತವರ ಶ್ವಾಸಕೋಶದ ಚೂರನ್ನು ಅವರು ಗಿನಿಪಿಗ್‌ಗಳಿಗೆ ಚುಚ್ಚಿದ್ದರು. ಅವಕ್ಕೂ ಜ್ವರ ಬಂತು. ಸ್ಲೈಡಿನಲ್ಲಿ ಅಲ್ಲೊಂದು ಇಲ್ಲೊಂದು ಕಡ್ಡಿಯಂಥ ಬ್ಯಾಕ್ಟೀರಿಯಾ ಕಂಡವು. ಹೊರಗಿನಿಂದ ಸೇರಿಕೊಂಡ ಕಸವೆಂದು ಬಿಟ್ಟರು. ಕೋಳಿಮೊಟ್ಟೆಯೊಳಗೆ ಬೆಳೆಸಲು ಹೋದಾಗ, ಇಂಥ ಕಸ ಬೆಳೆಯದಿರಲಿ ಎಂದು ವಾಡಿಕೆಯಂತೆ ಆಂಟಿಬಯಾಟಿಕ್ ಬೆರೆಸಿದರು. ಕಳ್ಳನನ್ನು ಬಾಗಿಲಲ್ಲೇ ಕೊಂದು, ಒಳಗೆ ಹುಡುಕಿ ಯಾರೂ ಇಲ್ಲ ಎಂದ ಹಾಗಾಯಿತು.

ಹಬ್ಬದ ಕೂಟವೊಂದರಲ್ಲಿ ಯಾರೋ ಅವರನ್ನು ತರಾಟೆಗೆ ತೆಗೆದುಕೊಂಡರಂತೆ. ಆ ಮಾತು ನಾಟಿರಬೇಕು. ವರ್ಷ ಮುಗಿಯುವ ಮೊದಲೇ ಹಳೆಯ ಸ್ಲೈಡುಗಳ ಮುಂದೆ ಮತ್ತೆ ಕೂತರು. ಈ ಸಲ ಒಂದು ಮೂಲೆಯಲ್ಲಿ ಅದೇ ಕಡ್ಡಿಗಳ ಗುಂಪು. ಆಂಟಿಬಯಾಟಿಕ್ ಇಲ್ಲದ ಮೊಟ್ಟೆಯಲ್ಲಿ ಅವು ಸೊಂಪಾಗಿ ಬೆಳೆದವು. ಬದುಕುಳಿದ ರೋಗಿಗಳ ರಕ್ತಸಾರ ಅವನ್ನು ಗುರುತು ಹಿಡಿಯಿತು. 1977ರ ಜನವರಿ 18ರಂದು ಸಿಡಿಸಿ ಸುದ್ದಿ ಪ್ರಕಟಿಸಿತು. ಲೀಜನೆಲ್ಲಾ ಎಂಬ ಹೆಸರು 1979ರಲ್ಲಿ ಬಂತು.

ಅಪರಾಧಿ ಸಿಕ್ಕಿತು, ಅದರ ಮನೆ ಸಿಗಲಿಲ್ಲ. ಎಲ್ಲರ ಕಣ್ಣು ಏಸಿಯ ಕೂಲಿಂಗ್ ಟವರಿನ ಮೇಲೆ. ಆದರೆ 1980ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಿಂದ ಬೇರೆ ಸುದ್ದಿ: ಮೂತ್ರಪಿಂಡ ಕಸಿ ಮಾಡಿಸಿಕೊಂಡಿದ್ದವರಿಗೆ ಈ ರೋಗ ಬಂದ ಆಸ್ಪತ್ರೆಯಲ್ಲಿ ಬ್ಯಾಕ್ಟೀರಿಯಾ ಶವರಿನ ನೀರಿನಲ್ಲಿತ್ತು. ಪಿಟ್ಸ್‌ಬರ್ಗಿನಲ್ಲಿ ಜಾನೆಟ್ ಸ್ಟೌಟ್, ವಿಕ್ಟರ್ ಯೂ ಮತ್ತು ಸಂಗಡಿಗರು ಆಸ್ಪತ್ರೆಯೊಂದರ ಕೊಳಾಯಿ ಜಾಡು ಹಿಡಿದು ಹಿಂದೆ ಹಿಂದೆ ಹೋದರು. ಅದೂ ಮಾಜಿ ಸೈನಿಕರದೇ ಆಸ್ಪತ್ರೆ. 1982ರಲ್ಲಿ ಅವರು ಬರೆದದ್ದು ಓದಿ ಕಟ್ಟಡ ನೋಡಿಕೊಳ್ಳುವವರ ನಿದ್ದೆ ಕೆಟ್ಟಿರಬೇಕು. ಬ್ಯಾಕ್ಟೀರಿಯಾ ಬಿಸಿನೀರಿನ ಟ್ಯಾಂಕಿನಲ್ಲೇ ಬಿಡಾರ ಹೂಡಿತ್ತು.

ಬಿಸಿನೀರಿನಲ್ಲಿ ಹೇಗೆ? ನಮ್ಮ ಬಚ್ಚಲ ಹಂಡೆಯನ್ನು ನೆನೆಸಿಕೊಂಡರೆ ತಕ್ಷಣ ತಿಳಿಯುತ್ತದೆ. ಹಂಡೆಗೆ ಉರಿ ತಳದಲ್ಲಿ. ಅಲ್ಲೇ ಹೆಚ್ಚು ಬಿಸಿ. ದೊಡ್ಡ ಟ್ಯಾಂಕಿನ ಕತೆ ಉಲ್ಟಾ. ಕಾದ ನೀರು ಮೇಲೇರುತ್ತದೆ, ತಣ್ಣೀರು ಕೆಳಗಿನಿಂದ ಬರುತ್ತದೆ. ಮೇಲೆ 60 ಡಿಗ್ರಿ ಇದ್ದರೂ ತಳದಲ್ಲಿ 40 ಇರಬಹುದು. ಅಲ್ಲಿ ಸುಣ್ಣದ ಗಸಿ, ತುಕ್ಕು, ಲೋಳೆ. ಲೀಜನೆಲ್ಲಾ ಸೊಂಪಾಗಿ ಬೆಳೆಯುವುದು 25ರಿಂದ 45 ಡಿಗ್ರಿಯಲ್ಲಿ. ಅಮೀಬಾದ ಹೊಟ್ಟೆಯೊಳಗೆ ಕೂತು ಅದು ಮರಿಮಾಡುತ್ತದೆ ಎಂದು ಲೀಡ್ಸಿನ ಟಿಮೊತಿ ರೌಬಾತಮ್ 1980ರಲ್ಲೇ ತೋರಿಸಿದ್ದರು. ಸಾಲದ್ದಕ್ಕೆ 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸಲು ಟ್ಯಾಂಕುಗಳ ಬಿಸಿ ತಗ್ಗಿಸಿ ಎಂಬ ಸಲಹೆ ಬೇರೆ. ಮೈ ಸುಡದಿರಲಿ ಎಂಬ ಕಾಳಜಿಯೂ ಅದಕ್ಕೆ ಸೇರಿತು. ಉಳಿತಾಯವೂ ಕಾಳಜಿಯೂ ಸೇರಿ ಬ್ಯಾಕ್ಟೀರಿಯಾಕ್ಕೆ ಬೇಕಾದ ಹದವನ್ನೇ ಮಾಡಿಕೊಟ್ಟಿದ್ದವು.

ಪಿಟ್ಸ್‌ಬರ್ಗಿನವರು ಟ್ಯಾಂಕನ್ನು 60 ಡಿಗ್ರಿಗಿಂತ ಮೇಲಕ್ಕೆ ಕಾಯಿಸಿ, ಒಂದೊಂದು ಕೊಳಾಯಿ, ಒಂದೊಂದು ಶವರ್ ತೆರೆದು ಆ ಸುಡುನೀರನ್ನೇ ಹರಿಸಿದರು. ರೋಗ ತಗ್ಗಿತು. 60 ಡಿಗ್ರಿಯಲ್ಲಿ ಸುಮಾರು ಎರಡು ನಿಮಿಷಕ್ಕೆ ಹತ್ತರಲ್ಲಿ ಒಂಬತ್ತು ಭಾಗ ಸಾಯುತ್ತದೆ. 50 ಡಿಗ್ರಿಯಲ್ಲಿ ಅಷ್ಟಕ್ಕೇ ಗಂಟೆಗಳು ಬೇಕಾಗಬಹುದು.

ಆದರೆ 60 ಡಿಗ್ರಿ ನೀರು ಐದು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಆದ್ದರಿಂದ ಟ್ಯಾಂಕಿನಲ್ಲಿ ಬಿಸಿ ಹಾಗೇ ಇರಲಿ, ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಕೊಳಾಯಿಗೆ ಆದಷ್ಟು ಹತ್ತಿರ ಇರಲಿ ಎಂಬ ಏರ್ಪಾಡು ಬಂತು. ಬ್ರಿಟನ್ನಿನ ಮಾರ್ಗಸೂಚಿ ಪ್ರಕಾರ ಟ್ಯಾಂಕಿನಲ್ಲಿ 60 ಇರಬೇಕು, ಮಿಕ್ಸಿಂಗ್ ವಾಲ್ವ್ ಇಲ್ಲದ ಕೊಳಾಯಿ ತಿರುಗಿಸಿದ ಒಂದು ನಿಮಿಷದೊಳಗೆ 50 ಬರಬೇಕು. ಈ ರೋಗ ಸಾಮಾನ್ಯವಾಗಿ ನೀರು ಕುಡಿದು ಬರುವುದಲ್ಲ, ಶವರಿನ ತುಂತುರು ಉಸಿರಿನೊಡನೆ ಒಳಹೋಗಿ ಬರುವುದು. ಹಾಗಾಗಿ ಬಳಸದ ಸ್ನಾನದ ಕೋಣೆಯ ಪೈಪಿನಲ್ಲಿ ನಿಂತ ನೀರೂ ಲೆಕ್ಕಕ್ಕೆ ಬರುತ್ತದೆ.

ಬೆಂಗಳೂರಿನ ಹಾಸ್ಟೆಲು, ಲಾಡ್ಜುಗಳ ತಾರಸಿಯ ಸೋಲಾರ್ ಟ್ಯಾಂಕಿಗೆ ಮಳೆಗಾಲ ಪರೀಕ್ಷೆಯ ಕಾಲ. ವಾರವಿಡೀ ಮೋಡ ಕವಿದರೆ ನೀರು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಆಗ ಕರೆಂಟಿನ ಹೀಟರ್ ಹಾಕಿ 60ಕ್ಕೆ ಏರಿಸಬೇಕು. ಗಸಿ ತೆಗೆಯಲು ತಳದಲ್ಲಿ ಡ್ರೈನ್ ವಾಲ್ವ್ ಇರುತ್ತದೆ. ವರ್ಷಗಟ್ಟಲೆ ಮುಟ್ಟದ್ದಾದರೆ ಮೊದಲು ಅದು ಕೈಗೇ ತಿರುಗುವುದಿಲ್ಲ. ತಿರುಗಿದ ಮೇಲೆ ಬರುವ ಮೊದಲ ಬಕೆಟ್ಟಿನ ಬಣ್ಣ ನೋಡಬೇಕು.