ಮಳೆ ನಕ್ಷತ್ರಗಳು ಮತ್ತು ಕಪ್ಪತಗುಡ್ಡದ ಚಿನ್ನ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಗದಗ-ಬೆಟಗೇರಿಯ ಬೀಜ-ಗೊಬ್ಬರದ ಅಂಗಡಿಗಳ ಮುಂದೆ ರೋಹಿಣಿ ಮಳೆಯದೇ ಮಾತು. ರೋಹಿಣಿ ಹದವಾಗಿ ಆದರೆ ಎರಿ ಹೊಲಗಳಲ್ಲಿ ಮುಂಗಾರಿ ಹೆಸರಿನ ಬಿತ್ತನೆಗೆ ಕೂರಿಗೆ ಹೊರಡುತ್ತದೆ. ಮೇ 25ರ ಸುಮಾರಿಗೆ ರೋಹಿಣಿ ಕೂಡಿದರೆ ಜೂನ್ 8ರ ಹೊತ್ತಿಗೆ ಮೃಗಶಿರಾ, 22ರ ಹೊತ್ತಿಗೆ ಆರಿದ್ರಾ. ಇದು ಸೂರ್ಯನ ಲೆಕ್ಕ. ಸೂರ್ಯ ಯಾವ ನಕ್ಷತ್ರದ ನೇರಕ್ಕೆ ಬಂದಿದ್ದಾನೋ ಮಳೆಗೆ ಅದರದೇ ಹೆಸರು. ಹಾಗಾಗಿ ರೋಹಿಣಿ ಮಳೆ ಸುರಿಯುವ ದಿನಗಳಲ್ಲಿ ರೋಹಿಣಿ ನಕ್ಷತ್ರ ಕಾಣುವುದೇ ಇಲ್ಲ. ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಅದನ್ನು ನೋಡಬೇಕಾದರೆ ಹಿಂಗಾರಿ ಜೋಳ, ಕಡಲೆ ಹೊಲದಲ್ಲಿ ನಿಂತಿರುವ ಜನವರಿಯ ರಾತ್ರಿಗಳೇ ಆಗಬೇಕು.

ಮುಂಡರಗಿಯಾಚೆ, ಊರ ದೀಪಗಳಿಂದ ದೂರದ ಒಂದು ಹೊಲದ ಬದುವಿನ ಮೇಲೆ ನಿಂತು ರಾತ್ರಿ ಒಂಬತ್ತರ ಹೊತ್ತಿಗೆ ತಲೆ ಎತ್ತಿದರೆ ಮಳೆ ನಕ್ಷತ್ರಗಳಲ್ಲಿ ಹಲವು ಒಟ್ಟಿಗೇ ಸಿಗುತ್ತವೆ. ಅಚ್ಚರಿಯೆಂದರೆ, ಅಕ್ಕಪಕ್ಕದ ಆ ನಕ್ಷತ್ರಗಳು ಬಾಳಿನ ಬೇರೆ ಬೇರೆ ಘಟ್ಟಗಳಲ್ಲಿವೆ.

ಕೃತ್ತಿಕಾ ಒಂದು ನಕ್ಷತ್ರವಲ್ಲ, ಗುಂಪು. ಬರಿಗಣ್ಣಿಗೆ ಆರೇಳು ಕಂಡರೂ ಅಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿವೆ. ಒಂದೇ ಅನಿಲ ಮೋಡದಿಂದ ಹುಟ್ಟಿದ ಇವುಗಳ ವಯಸ್ಸು ಸುಮಾರು 10 ಕೋಟಿ ವರ್ಷ. ಸೂರ್ಯನ ವಯಸ್ಸು 460 ಕೋಟಿ ವರ್ಷ. ಅದರ ಮುಂದೆ ಇವು ಎಳೆಯವೇ.

ಅದರ ಪಕ್ಕದಲ್ಲಿ ಕೆಂಪಾಗಿ ಹೊಳೆಯುವ ರೋಹಿಣಿಗೆ ಮುಪ್ಪು ಬಂದಿದೆ. ತೂಕದಲ್ಲಿ ಅದು ಸೂರ್ಯನಿಗಿಂತ ಸ್ವಲ್ಪವೇ ಹೆಚ್ಚು, ಅಡ್ಡಳತೆಯಲ್ಲಿ 40 ಪಟ್ಟಿಗೂ ಮೀರಿ ದೊಡ್ಡದು. ನಕ್ಷತ್ರ ಉರಿಯುವುದು ಹೈಡ್ರೋಜನ್ ಬೆಸೆದು ಹೀಲಿಯಂ ಆಗುವ ಶಕ್ತಿಯಿಂದ. ತಿರುಳಿನಲ್ಲಿ ಹೈಡ್ರೋಜನ್ ಮುಗಿದಾಗ ತಿರುಳು ಕುಗ್ಗಿ ಕಾಯುತ್ತದೆ, ಹೊರಮೈ ಊದಿಕೊಂಡು ತಣ್ಣಗಾಗಿ ಕೆಂಪೇರುತ್ತದೆ. ಸುಮಾರು 500 ಕೋಟಿ ವರ್ಷಗಳ ನಂತರ ಸೂರ್ಯನಿಗೂ ಇದೇ ಗತಿ. ಆಮೇಲೆ ಹೊರಪದರಗಳು ಕಳಚಿ ಹೋಗಿ, ಭೂಮಿಯಷ್ಟೇ ಗಾತ್ರದ ಬಿಸಿ ತಿರುಳು ಉಳಿಯುತ್ತದೆ. ಅದೇ ಶ್ವೇತಕುಬ್ಜ. ರೋಹಿಣಿ ಇಲ್ಲಿಂದ 65 ಜ್ಯೋತಿರ್ವರ್ಷ ದೂರ. ಇಂದು ಕಾಣುವ ಅದರ ಬೆಳಕು ಅಲ್ಲಿಂದ ಹೊರಟಾಗ ಈ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಇನ್ನೂ ಬಂದಿರಲಿಲ್ಲ.

ಆರಿದ್ರಾದ ಕಥೆ ಬೇರೆ. ಸೂರ್ಯನ ಹದಿನೈದು ಪಟ್ಟಿಗೂ ಹೆಚ್ಚು ತೂಕ ಹೊತ್ತು ಹುಟ್ಟಿದ ಈ ನಕ್ಷತ್ರದ ವಯಸ್ಸು ಒಂದು ಕೋಟಿ ವರ್ಷದ ಆಸುಪಾಸು, ಅಷ್ಟರಲ್ಲೇ ಅಂತ್ಯ ಹತ್ತಿರವಾಗಿದೆ. ತೂಕ ಹೆಚ್ಚಾದಷ್ಟೂ ತಿರುಳಿನ ಬಿಸಿ ಹೆಚ್ಚು, ಇಂಧನ ಖರ್ಚಾಗುವ ವೇಗವೂ ಹೆಚ್ಚು. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಆರಿದ್ರಾ ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾದಾಗ ಸಿಡಿಯುವ ಕಾಲ ಬಂತೇನೋ ಎಂದು ಜಗತ್ತೇ ಕಾದಿತ್ತು. ನಕ್ಷತ್ರ ತಾನೇ ಉಗುಳಿದ ಅನಿಲ ತಣಿದು ಧೂಳಾಗಿ ಅಡ್ಡ ನಿಂತಿತ್ತೆಂದು ಆಮೇಲೆ ತಿಳಿಯಿತು. ಮುಂದೊಂದು ದಿನ ಅದು ಸಿಡಿಯುವುದು ಮಾತ್ರ ಖಂಡಿತ. ಅಂದು ಹಗಲಲ್ಲೂ ಆರಿದ್ರಾ ಕಂಡೀತು.

ಇವೆಲ್ಲ ಆಕಾಶಗಂಗೆಯೊಳಗೆ ನಮ್ಮ ನೆರೆಹೊರೆಯವು. ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ಈ ಗ್ಯಾಲಕ್ಸಿಯ ತಟ್ಟೆಯಲ್ಲಿ ಸೂರ್ಯ ನಡುವಿನಿಂದ 26,000 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ. ಒಂದು ಸುತ್ತು ಬರಲು ಅವನಿಗೆ 20 ಕೋಟಿಗೂ ಹೆಚ್ಚು ವರ್ಷ ಬೇಕು. ತಟ್ಟೆಯಲ್ಲಿ ಸುರುಳಿ ತೋಳುಗಳಿವೆ. ಅನಿಲ, ಧೂಳು ಒತ್ತಿಕೊಂಡು ಹೊಸ ನಕ್ಷತ್ರಗಳು ಹೆಚ್ಚಾಗಿ ಹುಟ್ಟುವುದು ಅಲ್ಲಿಯೇ. ಆರಿದ್ರಾದಂಥ ಭಾರಿ ನಕ್ಷತ್ರಗಳು ಹುಟ್ಟಿದ ತಾಣದಿಂದ ಬಹುದೂರ ಸಾಗುವ ಮೊದಲೇ ಸಾಯುತ್ತವೆ, ಹಾಗಾಗಿ ತಮ್ಮೊಳಗೆ ಬೆಂದ ಸರಕನ್ನು ಅದೇ ತೋಳಿನ ಅನಿಲಕ್ಕೆ ಬೆರೆಸುತ್ತವೆ. ಮುಂದೆ ಅಲ್ಲಿ ಹುಟ್ಟುವ ನಕ್ಷತ್ರಕ್ಕೂ ಗ್ರಹಗಳಿಗೂ ಅದು ಸಿಗುತ್ತದೆ. ತಟ್ಟೆಯ ನಡುವೆ ಮುದಿ ನಕ್ಷತ್ರಗಳ ಉಬ್ಬು, ಉದ್ದನೆಯ ಒಂದು ಪಟ್ಟಿ, ಅದರ ಮಧ್ಯದಲ್ಲಿ 40 ಲಕ್ಷ ಸೂರ್ಯರ ತೂಕದ ಕಪ್ಪುಕುಳಿ. ಅದರ ಚಿತ್ರ 2022ರ ಮೇನಲ್ಲಿ ಹೊರಬಂತು. ಬೇಸಿಗೆಯ ನಡುರಾತ್ರಿ ಲಕ್ಷ್ಮೇಶ್ವರದ ಬಯಲಿನಿಂದ ಆಗ್ನೇಯಕ್ಕೆ, ವೃಶ್ಚಿಕದ ಬಾಲದ ಮೂಲಾ ನಕ್ಷತ್ರದ ಪಕ್ಕಕ್ಕೆ ನೋಡಿದರೆ ದೃಷ್ಟಿ ಹರಿಯುವುದು ಆ ನಡುವಿನ ಕಡೆಗೇ.

ತಟ್ಟೆಯ ಹೊರಗೂ ಒಂದು ಲೋಕವಿದೆ. ಮೇ ತಿಂಗಳ ಸಂಜೆ ದಕ್ಷಿಣದಲ್ಲಿ ಮಂಜಿನ ಚುಕ್ಕೆಯಂತೆ ಕಾಣುವ ಒಮೆಗಾ ಸೆಂಟಾರಿ, 17,000 ಜ್ಯೋತಿರ್ವರ್ಷ ದೂರದ ಗೋಳಾಕಾರದ ಗುಚ್ಛ. ಯುರೋಪಿನ ಬಹುಭಾಗಕ್ಕೆ ಕಾಣದ ಅದು ಗದಗಿನವರಿಗೆ ಬರಿಗಣ್ಣಿಗೇ ಸಿಗುತ್ತದೆ. ಸಾವಿರ ಕೋಟಿ ವರ್ಷಕ್ಕೂ ಹಳೆಯ ಅಲ್ಲಿನ ಬಹುಪಾಲು ನಕ್ಷತ್ರಗಳಲ್ಲಿ ಕಬ್ಬಿಣ ತೀರಾ ಕಡಿಮೆ. ಅವು ಹುಟ್ಟಿದಾಗ ಕಬ್ಬಿಣ ಕೊಡುವಷ್ಟು ನಕ್ಷತ್ರಗಳು ಇನ್ನೂ ಸತ್ತಿರಲಿಲ್ಲ.

ಕಬ್ಬಿಣದ ಮಾತು ಬಂದಾಗ ಲಕ್ಕುಂಡಿಯ ಕಡೆ ತಿರುಗಬೇಕು. ಅತ್ತಿಮಬ್ಬೆ ಅಲ್ಲಿ ಕಟ್ಟಿಸಿದ ಬಸದಿಯ ಶಾಸನದ ಕಾಲ 1007. ಅದಕ್ಕೆ ಒಂದು ವರ್ಷ ಮೊದಲು, 1006ರ ಬೇಸಿಗೆಯಲ್ಲಿ, ಮನುಷ್ಯರು ದಾಖಲಿಸಿದ ಸೂಪರ್‌ನೋವಾಗಳಲ್ಲೆಲ್ಲ ಪ್ರಖರವಾದದ್ದು ದಕ್ಷಿಣದ ಆಕಾಶದಲ್ಲಿ ಹೊತ್ತಿಕೊಂಡಿತು. ಶುಕ್ರನನ್ನೂ ಮೀರಿ ಹೊಳೆದ ಅದನ್ನು ಚೀನಾ, ಜಪಾನ್, ಈಜಿಪ್ಟಿನವರು ಬರೆದಿಟ್ಟರು. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಮಠದವರಿಗೆ ಅದು ದಿಗಂತಕ್ಕೆ ತಾಗಿಕೊಂಡೇ ಕಂಡಿತ್ತು. ಲಕ್ಕುಂಡಿಯ ಅಕ್ಷಾಂಶಕ್ಕೆ ಲೆಕ್ಕ ಹಾಕಿದರೆ ನಡುರಾತ್ರಿಯ ಹೊತ್ತಿಗೆ ದಿಗಂತದಿಂದ ಸುಮಾರು 37 ಡಿಗ್ರಿ ಮೇಲೆ. ಮೋಡವಿಲ್ಲದ ರಾತ್ರಿ ಬಸದಿಯ ಕೆಲಸಗಾರರಿಗೆ ಅದು ಕಾಣದೇ ಇರಲು ಸಾಧ್ಯವೇ ಇರಲಿಲ್ಲ.

ಅಲ್ಲಿ ಸಿಡಿದದ್ದು ಶ್ವೇತಕುಬ್ಜ. ಒಂದು ಮಿತಿಯ, ಇಂದಿನ ಲೆಕ್ಕದಲ್ಲಿ ಸೂರ್ಯನ 1.4 ಪಟ್ಟು, ತೂಕ ಮೀರಿದರೆ ಶ್ವೇತಕುಬ್ಜ ತನ್ನ ಭಾರ ತಾನೇ ತಾಳಲಾರದೆಂದು ಲೆಕ್ಕ ಹಾಕಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್, 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ. 1006ರ ಅವಶೇಷದಲ್ಲಿ ಬದುಕುಳಿದ ಜೊತೆಗಾರ ನಕ್ಷತ್ರ ಸಿಕ್ಕಿಲ್ಲ. ಎರಡು ಶ್ವೇತಕುಬ್ಜಗಳೇ ಕೂಡಿ ಸ್ಫೋಟವಾಗಿರಬೇಕೆಂಬ ಊಹೆಗೆ ಅದು ಬಲ ಕೊಡುತ್ತದೆ. ಇಂಥ ಸ್ಫೋಟದಲ್ಲಿ ಸೂರ್ಯನ ಅರ್ಧಕ್ಕೂ ಹೆಚ್ಚು ತೂಕದ ನಿಕ್ಕಲ್ ಹುಟ್ಟಿ ಕೋಬಾಲ್ಟ್ ಆಗಿ, ಕೊನೆಗೆ ಕಬ್ಬಿಣವಾಗುತ್ತದೆ. ತಿಂಗಳುಗಟ್ಟಲೆ ಕಾಣುವ ಬೆಳಕು ಆ ಕ್ಷಯದ್ದೇ. ಕಪ್ಪತಗುಡ್ಡದ ಪಟ್ಟೆಪಟ್ಟೆ ಕಬ್ಬಿಣದ ಕಲ್ಲಿನಲ್ಲಿ ಇಂಥ ಸಾವುಗಳ ಪಾಲು ದೊಡ್ಡದು, ಅದೂ ಸೂರ್ಯನಿಗಿಂತ ಮುಂಚೆ ಆಗಿಹೋದ ಸಾವುಗಳದು. ಗದಗಿನ ತ್ರಿಕೂಟೇಶ್ವರದ ಆವರಣದಲ್ಲಿ ಸರಸ್ವತಿ ಗುಡಿಯ ಕಂಬಗಳಿಗೆ ಅಷ್ಟು ನಯ ಕೊಟ್ಟ ಬಳಪದ ಕಲ್ಲಿನಲ್ಲಿರುವ ಆಮ್ಲಜನಕ, ಮೆಗ್ನೀಸಿಯಂ ಮಾತ್ರ ಆರಿದ್ರಾದಂಥ ಭಾರಿ ನಕ್ಷತ್ರಗಳಿಂದ ಬಂದವು.

ಚಿನ್ನಕ್ಕೆ ಇನ್ನೂ ವಿರಳವಾದ ಸಾವು ಬೇಕು. ಭಾರಿ ನಕ್ಷತ್ರದ ತಿರುಳು ಕಬ್ಬಿಣವಾದ ಮೇಲೆ ಬೆಸೆಯುವುದರಿಂದ ಶಕ್ತಿ ಹುಟ್ಟುವುದಿಲ್ಲ. ಒಂದು ಸೆಕೆಂಡಿನೊಳಗೆ ತಿರುಳು ಕುಸಿಯುತ್ತದೆ. ಉಳಿಯುವ ನ್ಯೂಟ್ರಾನ್ ನಕ್ಷತ್ರದ ತೂಕ ಸೂರ್ಯನಿಗಿಂತ ಹೆಚ್ಚು, ಅಡ್ಡಳತೆ ಗದಗಿನಿಂದ ಶಿರಹಟ್ಟಿಗೆ ನೇರ ಗೆರೆ ಎಳೆದಷ್ಟು. ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ 1982ರಲ್ಲಿ ಡೊನಾಲ್ಡ್ ಬ್ಯಾಕರ್ ಮೊದಲಾದವರೊಂದಿಗೆ ಕಂಡುಹಿಡಿದ ಇಂಥ ನಕ್ಷತ್ರವೊಂದು ಸೆಕೆಂಡಿಗೆ 642 ಸಲ ತಿರುಗುತ್ತದೆ. ಇಂಥ ಎರಡು ಜೋಡಿಯಾಗಿ ಸುತ್ತುತ್ತ, ಕೋಟ್ಯಂತರ ವರ್ಷ ಹತ್ತಿರವಾಗುತ್ತ, ಕೊನೆಗೆ ಒಂದಕ್ಕೊಂದು ಬಡಿದಾಗ ನ್ಯೂಟ್ರಾನುಗಳ ಸುರಿಮಳೆಯಲ್ಲಿ ಚಿನ್ನ, ಪ್ಲಾಟಿನಂ ಹುಟ್ಟುತ್ತವೆ. 2017ರ ಆಗಸ್ಟ್ 17ರಂದು, 13 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗ್ಯಾಲಕ್ಸಿಯಲ್ಲಿ ನಡೆದ ಅಂಥ ಡಿಕ್ಕಿಯ ಗುರುತ್ವ ಅಲೆಗಳು ಭೂಮಿಗೆ ತಲುಪಿದವು. ದೂರದರ್ಶಕಗಳೆಲ್ಲ ಅತ್ತ ತಿರುಗಿದವು. ಭಾರಧಾತುಗಳು ಹುಟ್ಟಿದ ಗುರುತು ಆ ಬೆಳಕಿನಲ್ಲಿ ಸಿಕ್ಕಿತು.

ಹೀಗೆ ಹುಟ್ಟಿದ ಚಿನ್ನ ಅನಿಲಕ್ಕೆ ಬೆರೆತು, ಭೂಮಿಗೆ ಬಂದು, ಸುಮಾರು 250 ಕೋಟಿ ವರ್ಷಗಳ ಹಿಂದೆ ಬಿಸಿನೀರಿನ ಜೊತೆ ಮೇಲೇರಿ ಕಪ್ಪತಗುಡ್ಡದ ಬಿರುಕುಗಳಲ್ಲಿ ಬಿಳಿಗಲ್ಲಿನ ಎಳೆಯಾಗಿ ಕೂತಿತು. ಹತ್ತೊಂಬತ್ತನೇ ಶತಮಾನದಲ್ಲಿ ಜಾಲಗಾರರು ದೋಣಿ ಹಳ್ಳದ ಉಸುಕನ್ನು ಮರದ ಮರಿಗೆಯಲ್ಲಿ ತುಂಬಿ, ನೀರು ಹಾಕಿ ತೊನೆದಾಡಿಸಿ, ಹಗುರ ಮಣ್ಣು ಹರಿದುಹೋದ ಮೇಲೆ ತಳದ ಕಪ್ಪು ಮರಳಿನಲ್ಲಿ ಉಳಿದ ಹಳದಿ ಕಣಗಳನ್ನು ಹೆಕ್ಕುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಈ ಡಂಬಳ ಗುಡ್ಡಗಳ ಚಿನ್ನದ ಬಗ್ಗೆ ವರದಿ ಬರೆದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಗಣಿ ತೋಡಿ ಕೈಬಿಟ್ಟವು. ಈಚೆಗೆ ಗಣಿಯ ಮಾತು ಮತ್ತೆ ಎದ್ದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಜೊತೆ ಜನ ಗುಡ್ಡದ ಪರ ನಿಂತರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಒಳ್ಳೆಯದೇ ಆಯಿತು. ಅಲ್ಲಿನ ಔಷಧಿ ಗಿಡಗಳು ಒಮ್ಮೆ ಹೋದರೆ ಹೋದಂತೆಯೇ.

ಈ ಚಿನ್ನದಲ್ಲಿ ಡಿಕ್ಕಿಗಳ ಪಾಲೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 2004ರ ಡಿಸೆಂಬರಿನಲ್ಲಿ ಒಂದು ಮ್ಯಾಗ್ನೆಟಾರ್, ಎಂದರೆ ಅತಿ ಬಲದ ಕಾಂತಶಕ್ತಿಯ ನ್ಯೂಟ್ರಾನ್ ನಕ್ಷತ್ರ, ಕೆರಳಿ ಗಾಮಾ ಕಿರಣ ಸೂಸಿತ್ತು. ಆ ದಾಖಲೆಗಳನ್ನು ಮರುಪರಿಶೀಲಿಸಿದವರು ಅಂಥ ಕೆರಳುವಿಕೆಯಲ್ಲೂ ಭಾರಧಾತುಗಳು ಹುಟ್ಟುತ್ತವೆಂದು 2025ರಲ್ಲಿ ತೋರಿಸಿದರು. ಲೆಕ್ಕ ನಿಖರವಾಗಲು ಇನ್ನಷ್ಟು ಡಿಕ್ಕಿಗಳು ಸಿಗಬೇಕು, ಅವು ಆಕಾಶದ ಯಾವ ಮೂಲೆಯಲ್ಲಾದವೆಂದು ತಕ್ಷಣ ತಿಳಿಯಬೇಕು. ಅದಕ್ಕೆಂದೇ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಗುರುತ್ವ ಅಲೆಗಳನ್ನು ಹಿಡಿಯುವ ಲೈಗೋ-ಇಂಡಿಯಾ ವೀಕ್ಷಣಾಲಯ ಕಟ್ಟಲು ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ 2,600 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಅಮೆರಿಕದ ಎರಡು ಲೈಗೋ ಕೇಂದ್ರಗಳಂತೆ ಅಲ್ಲಿಯೂ ನಾಲ್ಕು ಕಿಲೋಮೀಟರ್ ಉದ್ದದ ಎರಡು ತೋಳುಗಳಿರುತ್ತವೆ.