ಸೂಜಿ ಎಲೆಯಿಲ್ಲದ ಸೂಚಿಪರ್ಣಿ

ಸೂಚಿಪರ್ಣಿ ಎಂದೊಡನೆ ನೆನಪಾಗುವುದು ಹಿಮಾಲಯದ ಪೈನ್, ದೇವದಾರು. ನಮ್ಮ ಗಾಳಿಮರ ನೋಟಕ್ಕೆ ಹಾಗಿದ್ದರೂ ಅದು ಹೂ ಬಿಡುವ ಜಾತಿ. ಪಶ್ಚಿಮ ಘಟ್ಟದಲ್ಲಿ ತಾನಾಗಿ ಬೆಳೆಯುವ ನಿಜವಾದ ಸೂಚಿಪರ್ಣಿ ಒಂದೇ ಒಂದು. ಹಿಂದೆ ಪೊಡೊಕಾರ್ಪಸ್ ಎನ್ನುತ್ತಿದ್ದ ಈ ಮರಕ್ಕೆ ಈಗ ನಾಗಿಯಾ ವಾಲಿಚಿಯಾನ ಎಂದು ಹೆಸರು. ಅಗಸ್ತ್ಯಮಲೆ, ಪೆರಿಯಾರ್ ಕಡೆಯ ನಿತ್ಯಹಸಿರು ಕಾಡುಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಗುತ್ತದೆ.

ಇದಕ್ಕೆ ಸೂಜಿ ಎಲೆಯಿಲ್ಲ. ಎಲೆ ಅಗಲ, ದಪ್ಪ, ಹೊಳಪು. ಬಿದ್ದ ಎಲೆಯೊಂದನ್ನು ಎತ್ತಿ ಬೆಳಕಿಗೆ ಹಿಡಿಯಿರಿ: ನಡುನರವೇ ಕಾಣದು. ಬುಡದಿಂದ ತುದಿಗೆ ಸಣ್ಣ ನರಗಳು ಒತ್ತಾಗಿ ಸಾಲುಗಟ್ಟಿರುತ್ತವೆ. ಪಕ್ಕದಲ್ಲಿ ಕಾಫಿ ಎಲೆ ಇಟ್ಟು ನೋಡಿದರೆ ವ್ಯತ್ಯಾಸ ಮಕ್ಕಳಿಗೂ ತಿಳಿದೀತು. ಗುರುತಿಗೆ ಇಷ್ಟು ಸಾಕು.

ಹೂವಿಲ್ಲ; ಪೈನಿನಂಥ ಒರಟು ಕಾಯೂ ಇಲ್ಲ. ಉಬ್ಬಿದ ತೊಟ್ಟಿನ ತುದಿಯಲ್ಲಿ ಒಂದು ಗುಂಡು ಬೀಜ ಕುಳಿತಿರುತ್ತದೆ. ಜಾಯಿಕಾಯಿ ಬೆಳೆಸಿದವರಿಗೆ ಮುಂದಿನ ಮಾತು ಹೊಸದಲ್ಲ: ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಪರಾಗ ಒಯ್ಯುವುದು ಜೇನಲ್ಲ, ಗಾಳಿ. ಹೀಗೆ ಚದುರಿ ಉಳಿದ ಕಡೆ ಒಂದು ಗಂಡು ಮರ ಕೊಡಲಿಗೆ ಬಿದ್ದರೆ ಸುತ್ತಲಿನ ಹೆಣ್ಣು ಮರಗಳು ಬರಡಾಗಬಹುದು. ಮರಗಳೇನೋ ಹಸಿರಾಗಿಯೇ ನಿಂತಿರುತ್ತವೆ, ನಷ್ಟ ಕಣ್ಣಿಗೆ ಬೀಳುವುದಿಲ್ಲ. ಹೆಣ್ಣು ಮರದ ಅಡಿ ಹೊಸ ಸಸಿಗಳೆದ್ದಿದ್ದರೆ, ಗಾಳಿಯ ಅಳತೆಯಲ್ಲಿ ಎಲ್ಲೋ ಒಂದು ಗಂಡು ಮರ ಇದೆ ಎಂದೇ ತಿಳಿಯಬಹುದು.